ಲಕ್ಸೆಂಬರ್ಗಿಗೆ ಹೊರಟಿದ್ದೇನೆ, ಮೊದಲು ಯಾವ ಭಾಷೆ ಕಲಿಯಲಿ?

ಹಾಸನದ ಹುಡುಗ:
ಎಲ್ಲರಿಗೂ ನಮಸ್ಕಾರ. ಲಕ್ಸೆಂಬರ್ಗಿನಲ್ಲಿ ಕೆಲಸ ಸಿಕ್ಕಿದೆ, ಇನ್ನು ಮೂರು ತಿಂಗಳಲ್ಲಿ ಹೊರಡಬೇಕು. ಹೆಂಡತಿ ಮತ್ತು ಐದು ವರ್ಷದ ಮಗಳು ಆಮೇಲೆ ಬರುತ್ತಾರೆ. ಇಡೀ ದೇಶ 2,586 ಚದರ ಕಿ.ಮೀ. ಅಂತೆ, ನಮ್ಮ ಹಾಸನ ಜಿಲ್ಲೆಯ ಅರ್ಧವೂ ಇಲ್ಲ. ಅಷ್ಟರಲ್ಲೇ ಲಕ್ಸೆಂಬರ್ಗಿಶ್, ಫ್ರೆಂಚ್, ಜರ್ಮನ್ ಅಂತ ಮೂರು ಭಾಷೆ! ಆಫೀಸಿನಲ್ಲಿ ಇಂಗ್ಲಿಷ್ ಸಾಕು ಅಂದಿದ್ದಾರೆ. ಹೊರಗಡೆ ಏನು ಗತಿ? ಮಗಳ ಶಾಲೆ ಹೇಗೆ? ಅಲ್ಲಿ ಇರುವವರು ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ಸುರತ್ಕಲ್ ಗಾಳಿ:
ನಮ್ಮ ಮಂಗಳೂರು ಕಡೆಯವರಿಗೆ ಈ ಊರು ಬೇಗ ಅರ್ಥವಾಗುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಕ್ಕದ ಮನೆಯವರ ಹತ್ತಿರ ಕೊಂಕಣಿ, ಬ್ಯಾಂಕಿನಲ್ಲಿ ಇಂಗ್ಲಿಷ್. ಯಾರೂ ಅದಕ್ಕೆ ತಲೆ ಕೆಡಿಸಿಕೊಳ್ಳುವುದಿಲ್ಲ, ಅಲ್ವಾ? ಇಲ್ಲೂ ಹಾಗೇ. ಒಂದೊಂದು ಕೆಲಸಕ್ಕೆ ಒಂದೊಂದು ಭಾಷೆ. ಕಾನೂನು ಬರೆಯುವುದು ಫ್ರೆಂಚಿನಲ್ಲಿ, ಸಂಸತ್ತಿನಲ್ಲಿ ಜಗಳ ಆಡುವುದು ಲಕ್ಸೆಂಬರ್ಗಿಶ್‌ನಲ್ಲಿ, ಹಿಂದಿನಿಂದ ಬಂದ ದಿನಪತ್ರಿಕೆಗಳು ಹೆಚ್ಚಾಗಿ ಜರ್ಮನ್. ಲಕ್ಸೆಂಬರ್ಗಿಶ್‌ಗೆ ರಾಷ್ಟ್ರಭಾಷೆಯ ಪಟ್ಟ ಸಿಕ್ಕಿದ್ದೇ 1984ರ ಕಾನೂನಿನಲ್ಲಿ.

ನಾನು ಬರುವ ಮುಂಚೆ ಬೆಂಗಳೂರಿನಲ್ಲಿ ಎಂಟು ತಿಂಗಳು ಜರ್ಮನ್ ಕ್ಲಾಸಿಗೆ ಹೋಗಿದ್ದೆ. ಇಲ್ಲಿ ಬಂದ ಮೊದಲ ವಾರ ಬೇಕರಿಯಲ್ಲಿ ಗತ್ತಿನಿಂದ ಜರ್ಮನ್ ಬಿಟ್ಟೆ. ಆ ಹುಡುಗಿ ಪಿಳಿಪಿಳಿ ಕಣ್ಣು ಬಿಟ್ಟಳು. ಆಕೆ ಫ್ರಾನ್ಸಿನ ಮೆಟ್ಸ್ ಕಡೆಯವಳು, ಬೆಳಿಗ್ಗೆ ರೈಲಿನಲ್ಲಿ ಬಂದು ಸಂಜೆ ರೈಲಿನಲ್ಲಿ ವಾಪಸ್. ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಹೀಗೆ ದಿನಾ ಗಡಿ ದಾಟಿ ಕೆಲಸಕ್ಕೆ ಬರುವವರು ಎರಡು ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಫ್ರಾನ್ಸಿನವರೇ. ಅದಕ್ಕೇ ಅಂಗಡಿ, ಹೋಟೆಲ್, ಆಸ್ಪತ್ರೆಯ ಕೌಂಟರ್ ಎಲ್ಲ ಕಡೆ ಫ್ರೆಂಚ್ ಓಡುತ್ತದೆ.

ಹಾಗಾಗಿ ಈಗಿನಿಂದಲೇ ಫ್ರೆಂಚ್ ಶುರು ಮಾಡಿ. ಲಕ್ಸೆಂಬರ್ಗಿಶ್ ಇಲ್ಲಿ ಬಂದ ಮೇಲೆ. ಆದರೆ ಪೂರ್ತಿ ಬಿಡಬೇಡಿ. ಐದು ವರ್ಷ ಆದ ಮೇಲೆ ಪೌರತ್ವ ಕೇಳಬೇಕೆಂದರೆ ಪರೀಕ್ಷೆ ಆ ಭಾಷೆಯಲ್ಲೇ. ನಮ್ಮಂಥವರಿಗೆ ಅದು ತೀರಾ ಕಷ್ಟವಲ್ಲ, ಮಾತಾಡಲು ಎ2 ಮಟ್ಟ, ಅಂದರೆ ಸರಳ ಮಾತುಕತೆ ಬಂದರೆ ಸಾಕು, ಕೇಳಿ ಅರ್ಥ ಮಾಡಿಕೊಳ್ಳಲು ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಬಿ1. ಅದಕ್ಕಿಂತ ಕಷ್ಟದ್ದು ಬೇರೆ ಇದೆ, ಭಾರತದ ಪಾಸ್‌ಪೋರ್ಟ್ ವಾಪಸ್ ಕೊಡಬೇಕಾಗುತ್ತದೆ. ಇವರು ಎರಡು ಪೌರತ್ವ ಒಪ್ಪುತ್ತಾರೆ, ನಮ್ಮವರು ಒಪ್ಪುವುದಿಲ್ಲ.

ಎರಡು ಮಕ್ಕಳ ಅಮ್ಮ:
ಶಾಲೆ ವಿಷಯ ನಾನು ಹೇಳುತ್ತೇನೆ, ಏಕೆಂದರೆ ಗಂಡಸರು ಇದನ್ನು ಬಂದ ಮೇಲೆ ನೋಡೋಣ ಅಂತ ಬಿಡುತ್ತಾರೆ, ನಮ್ಮೆಜಮಾನರೂ ಹಾಗೇ ಮಾಡಿದ್ದು. ಇಲ್ಲಿ ನಾಲ್ಕು ವರ್ಷಕ್ಕೇ ಶಾಲೆ ಕಡ್ಡಾಯ. ಚಿಕ್ಕವರ ತರಗತಿಯಲ್ಲಿ ಮಾತೆಲ್ಲ ಲಕ್ಸೆಂಬರ್ಗಿಶ್. ಆರು ವರ್ಷಕ್ಕೆ ಅಕ್ಷರ ಕಲಿಸುವುದು ಸಾಮಾನ್ಯವಾಗಿ ಜರ್ಮನ್‌ನಲ್ಲಿ. ಆಮೇಲೆ ಫ್ರೆಂಚ್ ಸೇರುತ್ತದೆ, ಹೈಸ್ಕೂಲಿಗೆ ಬಂದಾಗ ಗಣಿತವನ್ನೂ ಫ್ರೆಂಚಿನಲ್ಲಿ ಮಾಡಬೇಕು. ನನ್ನ ದೊಡ್ಡವನು ಏಳು ವರ್ಷಕ್ಕೆ ಬಂದ, ಎರಡು ವರ್ಷ ಒದ್ದಾಡಿದ. ಚಿಕ್ಕವಳು ಮೂರಕ್ಕೆ ಬಂದಳು, ಈಗ ನನ್ನ ಉಚ್ಚಾರ ಕೇಳಿ ನಗುತ್ತಾಳೆ. ನಿಮ್ಮ ಮಗಳಿಗೆ ಐದು, ಇನ್ನೂ ಟೈಮ್ ಇದೆ. ಆದರೆ ಆಮೇಲೆ ಕರೆಸುತ್ತೇನೆ ಅಂತ ಒಂದು ವರ್ಷ ತಳ್ಳಬೇಡಿ.

ಇಂಗ್ಲಿಷ್ ಬೇಕೇ ಬೇಕು ಅಂದರೆ ಡಿಫರ್ಡಾಂಜ್‌ನಂಥ ಊರುಗಳಲ್ಲಿ ಸರ್ಕಾರಿ ಇಂಟರ್‌ನ್ಯಾಷನಲ್ ಶಾಲೆಗಳಿವೆ, ಫೀಸ್ ಇಲ್ಲ. ಸೀಟಿಗಾಗಿ ಮೊದಲೇ ಅರ್ಜಿ ಹಾಕಿ. 2022ರಲ್ಲಿ ಕೆಲವು ಮಾಮೂಲಿ ಶಾಲೆಗಳಲ್ಲೂ ಜರ್ಮನ್ ಬದಲು ಫ್ರೆಂಚಿನಲ್ಲಿ ಅಕ್ಷರ ಕಲಿಸುವ ಪ್ರಯೋಗ ಶುರುವಾಯಿತು, ನಿಮ್ಮ ಊರಿನಲ್ಲಿ ಈಗ ಹೇಗಿದೆ ಅಂತ ಕೇಳಿ ನೋಡಿ.

ಮತ್ತೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಮಂಗಳವಾರ, ಗುರುವಾರ ಪ್ರೈಮರಿ ಶಾಲೆ ಸಾಮಾನ್ಯವಾಗಿ ಮಧ್ಯಾಹ್ನಕ್ಕೇ ಮುಗಿಯುತ್ತದೆ. ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಆ ಎರಡು ಮಧ್ಯಾಹ್ನ ಮಗುವನ್ನು ಎಲ್ಲಿ ಬಿಡುವುದು ಅಂತ ಮೊದಲೇ ಯೋಚಿಸಿ.

ಬಾಡಿಗೆ ಸಂತ್ರಸ್ತ:
ಭಾಷೆ ಹೇಗೋ ಆಗುತ್ತದೆ ಗುರುವೇ, ಮನೆ ಹುಡುಕಿ ಮೊದಲು! ನಾನು ಹನ್ನೊಂದು ಮನೆ ನೋಡಿದೆ. ಪ್ರೊಬೇಷನ್ ಅಂದ ತಕ್ಷಣ ಓನರ್ ಮುಖ ಆಚೆ ತಿರುಗುತ್ತಿತ್ತು. ಕೆಲಸದ ಕಾಂಟ್ರಾಕ್ಟ್ ಕೈಯಲ್ಲಿ ಇಟ್ಟುಕೊಂಡೇ ಹೋಗಿ, ಆಗುವುದಾದರೆ ಮೊದಲ ಮೂರು ತಿಂಗಳ ಮನೆ ಕಂಪನಿಯೇ ಕೊಡುವಂತೆ ಈಗಲೇ ಮಾತಾಡಿ, ಸಹಿ ಹಾಕಿದ ಮೇಲೆ ಯಾರೂ ಕೇಳುವುದಿಲ್ಲ. ಯಾರಾದರೂ ಜರ್ಮನಿಯ ಟ್ರಿಯರ್‌ನಲ್ಲಿ ಬಾಡಿಗೆ ಕಮ್ಮಿ, ಅಲ್ಲೇ ಇರಿ ಅನ್ನುತ್ತಾರೆ. ಅದು ಯುರೋಪಿನವರಿಗೆ ಸರಿ. ನಮಗೆ ಲಕ್ಸೆಂಬರ್ಗಿನ ವಾಸದ ಪರ್ಮಿಟ್ ಇಟ್ಟುಕೊಂಡು ಜರ್ಮನಿಯಲ್ಲಿ ಮನೆ ಮಾಡಲು ಬರುವುದಿಲ್ಲ.

ಬಂದ ಮೂರು ದಿನದೊಳಗೆ ಕಮ್ಯೂನ್ ಆಫೀಸಿಗೆ ಹೋಗಿ ಬಂದಿದ್ದೇನೆ ಅಂತ ಹೇಳಬೇಕು. ಕಮ್ಯೂನ್ ಅಂದರೆ ನಮ್ಮ ಪುರಸಭೆ ಥರ. ಆಮೇಲೆ ಮೆಡಿಕಲ್ ಚೆಕಪ್, ಟಿಬಿ ಪರೀಕ್ಷೆ. ಮೂರು ತಿಂಗಳೊಳಗೆ ಪರ್ಮಿಟ್‌ಗೆ ಅರ್ಜಿ. ಕಾರಿಗೆ ಮಾತ್ರ ಅವಸರ ಬೇಡ, 2020ರಿಂದ ದೇಶದ ಒಳಗೆ ಬಸ್ಸು, ಟ್ರಾಮ್, ರೈಲು ಎಲ್ಲ ಪುಕ್ಕಟೆ. ರೈಲಿನ ಫಸ್ಟ್ ಕ್ಲಾಸಿಗೆ ಮಾತ್ರ ದುಡ್ಡು. ನಮ್ಮ ಶಕ್ತಿ ಯೋಜನೆ ಥರವೇ, ಆದರೆ ಗಂಡಸರಿಗೂ ಫ್ರೀ 😄

ಹಾಸನದ ಹುಡುಗ:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಮನೆ ವಿಷಯ ನಾಳೆಯೇ ಕಂಪನಿಗೆ ಮೇಲ್ ಹಾಕುತ್ತೇನೆ. ಮೇಡಂ, ನಮ್ಮವಳು ಇಲ್ಲಿ ಟೀಚರ್. ಅಲ್ಲಿ ಇಂಗ್ಲಿಷ್ ಒಂದನ್ನೇ ನಂಬಿಕೊಂಡು ಕೆಲಸ ಸಿಗುತ್ತದಾ?

ಎರಡು ಮಕ್ಕಳ ಅಮ್ಮ:
ಸರ್ಕಾರಿ ಪ್ರೈಮರಿಯಲ್ಲಿ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ, ಅಲ್ಲಿ ಮೂರೂ ಭಾಷೆ ಬೇಕು. ಇಂಗ್ಲಿಷ್ ಶಾಲೆಗಳಲ್ಲಿ ಪ್ರಯತ್ನ ಮಾಡಬಹುದು. ನಾನು ಊರಲ್ಲಿ ಲೆಕ್ಚರರ್ ಆಗಿದ್ದೆ, ಇಲ್ಲಿ ಎರಡು ವರ್ಷ ಫ್ರೆಂಚ್ ಕಲಿತು ಈಗ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತಿದ್ದೇನೆ. ಮೊದಲ ಚಳಿಗಾಲದಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು, ಮಾತಾಡಲು ಜನ ಇಲ್ಲ, ಅತ್ತಿದ್ದೂ ಇದೆ. ಅವರನ್ನೂ ಈಗಲೇ ಫ್ರೆಂಚ್ ಕ್ಲಾಸಿಗೆ ಸೇರಿಸಿ.

ಹಾಸನದ ಹುಡುಗ:
ಇಬ್ಬರೂ ಸೇರುತ್ತೇವೆ ಹಾಗಾದರೆ. ಲಕ್ಸೆಂಬರ್ಗಿಶ್‌ನಲ್ಲಿ ವಿಮಾನ ಇಳಿಯುವ ಹೊತ್ತಿಗೆ ಬೇಕಾದ ಒಂದೆರಡು ಮಾತು ಹೇಳಿಕೊಡಿ.

ಸುರತ್ಕಲ್ ಗಾಳಿ:
ಎದುರು ಸಿಕ್ಕವರಿಗೆಲ್ಲ "ಮೊಯೆನ್". ಬೆಳಿಗ್ಗೆ, ರಾತ್ರಿ ಯಾವಾಗ ಬೇಕಾದರೂ ನಡೆಯುತ್ತದೆ. ಥ್ಯಾಂಕ್ಸಿಗೆ "ಮೆರ್ಸಿ". ಹೊರಡುವಾಗ "ಎಡ್ಡಿ". ತುಳುವಿನಲ್ಲಿ ಎಡ್ಡೆ ಅಂದರೆ ಒಳ್ಳೆಯದು, ನಾನು ಹಾಗೇ ನೆನಪಿಟ್ಟುಕೊಂಡಿದ್ದು.