ಒಂಬತ್ತು ವಾರದಿಂದ ಹಾವು ಇಲಿ ಮುಟ್ಟುತ್ತಿಲ್ಲ, ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ವರ್ಷದ ಗಂಡು ಬಾಲ್ ಪೈಥಾನ್ (ಚಿಕ್ಕ ಜಾತಿಯ ಹೆಬ್ಬಾವು) ಇದೆ. ಸಾಕಿದವರ ಮನೆಯಲ್ಲೇ ಮೊಟ್ಟೆಯೊಡೆದು ಹುಟ್ಟಿದ್ದು, ಕಾಡಿನದಲ್ಲ. ಮೊದಲೆಲ್ಲ ಹತ್ತು ದಿನಕ್ಕೊಂದು ಫ್ರೋಜನ್ ಇಲಿ (ಫ್ರೀಜರಿನಲ್ಲಿಟ್ಟ ಸತ್ತ ಇಲಿ, ಕರಗಿಸಿ ಕೊಡೋದು) ತೋರಿಸಿದ್ದೇ ತಡ, ಎರಗಿ ಸುತ್ತಿಕೊಳ್ಳುತ್ತಿತ್ತು. ಈಗ ಒಂಬತ್ತು ವಾರ ಆಯ್ತು. ನಾಲಿಗೆ ಚಾಚಿ ಮೂಸುತ್ತೆ, ತಲೆ ತಿರುಗಿಸುತ್ತೆ, ಹೋಗಿ ಸುರುಳಿ ಸುತ್ತಿ ಮಲಗುತ್ತೆ. ಮೂರು ದಿನಕ್ಕೊಮ್ಮೆ ಕೊಟ್ಟು ನೋಡ್ತಾ ಇದ್ದೀನಿ. ಹಳೇ ಟ್ಯಾಂಕ್ ಚಿಕ್ಕದಾಯ್ತು ಅಂತ ಈ ಮಧ್ಯೆ ದೊಡ್ಡದು ತಂದೆ. ಒಬ್ಬರು ಜೀವಂತ ಇಲಿ ಬಿಡು ಅಂತಾರೆ, ಇನ್ನೊಬ್ಬರು ಬಾಯಿ ಬಿಡಿಸಿ ತುರುಕು ಅಂತಾರೆ. ಮೈ ಇಳಿದ ಹಾಗೆ ಕಾಣಲ್ಲ, ಆದರೆ ನನಗೇ ಊಟ ಸೇರ್ತಿಲ್ಲ. ನಿಮ್ಮ ಹಾವು ಹೀಗೆ ಮಾಡಿದಾಗ ಏನು ಮಾಡಿದ್ರಿ?

ಹನ್ನೊಂದು ವರ್ಷದಿಂದ ಬಾಲ್ ಪೈಥಾನ್ ಸಾಕುತ್ತಿರುವವರು

ಮೊದಲು ಆ ಮೂರು ದಿನಕ್ಕೊಮ್ಮೆ ಇಲಿ ತೋರಿಸೋದನ್ನ ನಿಲ್ಲಿಸಿ. ಬೇಡ ಅಂದವರ ಮುಂದೆ ತಟ್ಟೆ ಹಿಡಿದು ನಿಂತ ಹಾಗೆ ಆಗುತ್ತೆ ಅದು. ಎರಡು ವಾರ ಪೂರ್ತಿ ಬಿಟ್ಟುಬಿಡಿ. ನೀರು ಬದಲಿಸೋದು, ಮಲ ಇದ್ದರೆ ತೆಗೆಯೋದು, ಅಷ್ಟೇ.

ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಈ ಹಾವುಗಳು ಅಲ್ಲೂ ವರ್ಷದಲ್ಲಿ ಕೆಲವು ತಿಂಗಳು ಏನೂ ತಿನ್ನದೆ ಕಳೆಯುತ್ತವೆ. ಮೊಟ್ಟೆಗೆ ಕಾವು ಕೊಡುವ ಹೆಣ್ಣು ಎರಡು ತಿಂಗಳ ಮಟ್ಟಿಗೆ ಬೇಟೆಗೆ ಹೋಗುವುದೇ ಇಲ್ಲ. ಗಂಡು ಪ್ರಾಯಕ್ಕೆ ಬಂದರೆ ಕೂಡುವ ಕಾಲದಲ್ಲಿ ಊಟ ಮರೆಯುತ್ತೆ. ನಿಮ್ಮದು ಎರಡು ವರ್ಷದ ಗಂಡು, ತೂಕ ಏಳುನೂರು ಎಂಟುನೂರು ಗ್ರಾಂ ಇರಬಹುದಲ್ವಾ? ಸರಿಯಾಗಿ ಆ ವಯಸ್ಸಿಗೇ ನನ್ನ ಗಂಡು ಐದು ತಿಂಗಳು ಬಾಯಿ ಮುಚ್ಚಿಕೊಂಡು ಕೂತಿತ್ತು. ಶುರುವಿನಲ್ಲಿ 1,140 ಗ್ರಾಂ, ಕೊನೆಗೆ 1,085. ಐದು ತಿಂಗಳಿಗೆ ಐವತ್ತೈದು ಗ್ರಾಂ! ನಾನು ಮಾತ್ರ ಆ ಐದು ತಿಂಗಳಲ್ಲಿ ಸೊರಗಿ ಹೋಗಿದ್ದೆ.

ಅದಕ್ಕೇ ಹೇಳೋದು, ಕಣ್ಣನ್ನು ನಂಬಬೇಡಿ, ತಕ್ಕಡಿ ನಂಬಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು (ಹಾವಿಗೆಂದೇ ಬೇರೆ ಇಡಿ, ಮನೆಯವರ ಶಾಂತಿಗೆ). ಮುಚ್ಚಳದ ಡಬ್ಬಿಯಲ್ಲಿ ಹಾವನ್ನಿಟ್ಟು ತೂಗಿ, ಡಬ್ಬಿಯ ತೂಕ ಕಳೆದು, ದಿನಾಂಕದ ಜೊತೆ ಬರೆದಿಡಿ. ಎರಡು ವಾರಕ್ಕೊಮ್ಮೆ ಸಾಕು. ಶುರುವಿನ ತೂಕದಲ್ಲಿ ಹತ್ತನೇ ಒಂದು ಭಾಗ ಇಳಿಯುವ ತನಕ ನಾನಂತೂ ತಲೆ ಕೆಡಿಸಿಕೊಳ್ಳಲ್ಲ. ಮರಿಗಳ ಲೆಕ್ಕ ಬೇರೆ, ಅವಕ್ಕೆ ಮೈಯಲ್ಲಿ ದಾಸ್ತಾನು ಇರಲ್ಲ.

ಟ್ಯಾಂಕ್ ಬಗ್ಗೆ ಮಾತ್ರ ಹೇಳುವವಳು

ಪ್ರಶ್ನೆಯಲ್ಲೇ ಉತ್ತರ ಇದೆ ಅನ್ನಿಸ್ತು. "ಈ ಮಧ್ಯೆ ದೊಡ್ಡದು ತಂದೆ."

ದೊಡ್ಡ ಟ್ಯಾಂಕ್ ತಪ್ಪಲ್ಲ, ಖಾಲಿ ಟ್ಯಾಂಕ್ ತಪ್ಪು. ಹೆಗ್ಗಣದ ಬಿಲ, ಗೆದ್ದಲ ಹುತ್ತದೊಳಗೆ ಹಗಲು ಕಳೆಯುವ ಪ್ರಾಣಿ ಇದು. ನಾಲ್ಕು ಕಡೆ ಗಾಜು, ಮಧ್ಯೆ ಒಂದು ಬಟ್ಟಲು ನೀರು ಇಟ್ಟರೆ ಹೊಟ್ಟೆಪಾಡು ಆಮೇಲೆ, ಮೊದಲು ಜೀವ ಉಳಿಸಿಕೊಳ್ಳೋಣ ಅಂತ ಕೂರುತ್ತೆ. ಬಿಸಿ ಬದಿಗೆ ಒಂದು, ತಂಪು ಬದಿಗೆ ಒಂದು, ಎರಡು ಅಡಗುತಾಣ ಬೇಕು. ಸುರುಳಿ ಸುತ್ತಿ ಕೂತರೆ ಮೈ ಗೋಡೆಗೆ ತಾಗುವಷ್ಟು ಇಕ್ಕಟ್ಟಾಗಿರಲಿ, ನಮಗೆ ಉಸಿರುಗಟ್ಟಿದಂತೆ ಕಂಡರೂ ಪರವಾಗಿಲ್ಲ. ಮೂರು ಬದಿಯ ಗಾಜಿಗೆ ಹೊರಗಿನಿಂದ ರಟ್ಟು ಅಂಟಿಸಿ. ಒಳಗೆ ಕೊಂಬೆ, ಪ್ಲಾಸ್ಟಿಕ್ ಎಲೆ, ತೊಗಟೆ ಏನಾದರೂ ತುಂಬಿ.

ಆಮೇಲೆ ಶಾಖ. ಬಿಸಿ ಬದಿ 31–33 ಡಿಗ್ರಿ ಸೆಲ್ಸಿಯಸ್, ತಂಪು ಬದಿ 25ರ ಆಸುಪಾಸು. ಗಾಜಿಗೆ ಅಂಟಿಸುವ ಮುಳ್ಳಿನ ಮೀಟರ್ ಇದ್ದರೆ ತೆಗೆದು ಬಿಸಾಡಿ. ನನ್ನದು 32 ತೋರಿಸ್ತಿತ್ತು, ವೈರಿನ ತುದಿಯ ಮೀಟರನ್ನು ಹಾವು ಮಲಗುವ ಜಾಗದಲ್ಲೇ ಇಟ್ಟು ನೋಡಿದರೆ 27. ಹೀಟ್ ಮ್ಯಾಟ್ (ಟ್ಯಾಂಕ್ ಬಿಸಿ ಮಾಡುವ ಹಾಳೆ) ಇದ್ದರೆ ಶಾಖ ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದೆ ಬಳಸಲೇಬೇಡಿ, ಹೊಟ್ಟೆ ಸುಟ್ಟ ಹಾವುಗಳನ್ನ ನೋಡಿದ್ದೀನಿ. ತೇವಾಂಶ 60 ಶೇಕಡಕ್ಕಿಂತ ಕೆಳಗೆ ತುಂಬಾ ದಿನ ಇರೋದು ಬೇಡ. ಕಣ್ಣು ನೀಲಿಯಾಗಿ ಮಬ್ಬಾಗಿದೆಯಾ ನೋಡಿದ್ರಾ? ಪೊರೆ ಬಿಡುವ ಮುಂಚೆ ಬಹಳಷ್ಟು ಹಾವು ತಿನ್ನಲ್ಲ, ಆಗ ಕೊಡುವುದೇ ದಂಡ.

ಕಾರ್ನ್ ಸ್ನೇಕ್ ಮತ್ತು ಬಾಲ್ ಪೈಥಾನ್ ಎರಡೂ ಇರುವವರು

ಮೇಲಿನ ಇಬ್ಬರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಆದರೆ ಇಲಿಯನ್ನು ಹೇಗೆ ಕೊಡ್ತೀರಿ ಅಂತ ಯಾರೂ ಕೇಳಲಿಲ್ಲ.

ನನ್ನ ಕಾರ್ನ್ ಸ್ನೇಕ್ ಹೇಗೆ ಕೊಟ್ಟರೂ ತಿನ್ನುತ್ತೆ, ಅದಕ್ಕೆ ಮೂಗೇ ಪ್ರಧಾನ. ಬಾಲ್ ಪೈಥಾನ್ ಹಾಗಲ್ಲ. ಅದರ ತುಟಿಯ ಹುರುಪೆಗಳ ಮೇಲೆ ಸಾಲಾಗಿ ಸಣ್ಣ ಗುಳಿಗಳಿವೆ ನೋಡಿ, ಅವು ಶಾಖ ಗ್ರಹಿಸುವ ಅಂಗಗಳು. ತಣ್ಣಗಿನ ಇಲಿ ಅದರ ಲೆಕ್ಕದಲ್ಲಿ ಇಲಿಯೇ ಅಲ್ಲ, ಇಲಿ ವಾಸನೆಯ ಕಲ್ಲು. ನಾನು ಮಾಡೋದು ಹೀಗೆ: ಹಿಂದಿನ ರಾತ್ರಿ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಮುಚ್ಚಿದ ಡಬ್ಬಿಯಲ್ಲಿ ಇಡ್ತೀನಿ. ಮರುದಿನ ಸಂಜೆ ಜಿಪ್ ಕವರಿಗೆ ಹಾಕಿ, ಕೈ ತಡೆಯುವಷ್ಟು ಬಿಸಿನೀರಿನಲ್ಲಿ ಹತ್ತು ಹದಿನೈದು ನಿಮಿಷ ಮುಳುಗಿಸ್ತೀನಿ. ಹೊಟ್ಟೆ ಒತ್ತಿ ನೋಡಬೇಕು, ಒಳಗೆ ಗಟ್ಟಿ ಸಿಕ್ಕರೆ ಇನ್ನೂ ಕರಗಿಲ್ಲ ಅಂತ. ಕೊನೆಯ ಅರ್ಧ ನಿಮಿಷ ತಲೆಗೆ ಮಾತ್ರ ಹೇರ್ ಡ್ರೈಯರ್ ಹಿಡಿದು 38–40 ಡಿಗ್ರಿಗೆ ತರ್ತೀನಿ, ಜೀವಂತ ಇಲಿಯ ಮೈಬಿಸಿಗಿಂತ ಒಂದು ಚೂರು ಜಾಸ್ತಿ. ಮೈಕ್ರೋವೇವ್ ಕಡೆ ಕಣ್ಣೂ ಹಾಯಿಸಬೇಡಿ. ಹೊರಗೆ ತಣ್ಣಗೆ, ಒಳಗೆ ಬೆಂದು, ಒಮ್ಮೊಮ್ಮೆ ಹೊಟ್ಟೆ ಒಡೆದು... ಆ ವಾಸನೆ ಮನೆಯಿಂದ ಹೋಗೋಕೆ ವಾರ ಬೇಕು. ಯಾರು ಹೇಳಿದ್ರು ಅಂತ ಕೇಳಬೇಡಿ.

ಕೊಡೋದು ಕತ್ತಲಾದ ಮೇಲೆ, ದೀಪ ಆರಿಸಿ. ಉದ್ದ ಇಕ್ಕಳದಲ್ಲಿ ಬೆನ್ನಿನ ಮೇಲ್ಭಾಗ ಹಿಡಿದು, ಅಡಗುತಾಣದ ಬಾಯಿಯ ಮುಂದೆ ಇಲಿ ಹಾದು ಹೋಗುವ ಹಾಗೆ ಆಡಿಸಿ. ಮುಖಕ್ಕೆ ಚುಚ್ಚಬೇಡಿ. ಬೇಟೆ ಯಾವತ್ತೂ ಬೇಟೆಗಾರನ ಮುಖಕ್ಕೆ ಬಂದು ಗುದ್ದಲ್ಲ, ಗುದ್ದಿದರೆ ಹಾವು ಹೆದರುತ್ತೆ. ಐದು ನಿಮಿಷದಲ್ಲಿ ಹಿಡಿಯದಿದ್ದರೆ ಅಡಗುತಾಣದ ಬಾಯಿಯ ಬಳಿ ಇಟ್ಟು, ಕೋಣೆಯಿಂದ ಹೊರಗೆ ಬನ್ನಿ. ಇಣುಕಬೇಡಿ, ಮೊಬೈಲ್ ಬೆಳಕು ಬಿಡಬೇಡಿ. ನಂದು ಎಷ್ಟೋ ಸಲ ಬೆಳಗ್ಗೆ ಎದ್ದು ನೋಡಿದಾಗ ಇಲಿ ಮಾಯ.

ಗಾತ್ರ ಕೂಡ ನೋಡಿಕೊಳ್ಳಿ. ಹಾವಿನ ಮೈಯ ಅತಿ ದಪ್ಪ ಭಾಗದಷ್ಟು ದಪ್ಪದ ಇಲಿ ಸಾಕು. ಮರಿಗೆ ತೂಕದ 10–15 ಶೇಕಡ, ದೊಡ್ಡದಕ್ಕೆ ಅದರ ಅರ್ಧ. ಎಂಟುನೂರು ಗ್ರಾಮಿನ ಹಾವಿಗೆ ಹತ್ತು ದಿನಕ್ಕೊಂದು ಇಲಿ ಹಾಕುತ್ತಿದ್ದಿರಿ ಅಂದರೆ ಬಹುಶಃ ಹೆಚ್ಚಾಗೇ ಹಾಕಿದ್ದೀರಿ, ಬೇಜಾರು ಮಾಡ್ಕೋಬೇಡಿ.

ಜೀವಂತ ಇಲಿ ಬಿಟ್ಟು ಕೈಸುಟ್ಟುಕೊಂಡವನು

ನಾನು ಬಿಟ್ಟಿದ್ದೆ. ಅದೇ ಪರಿಸ್ಥಿತಿ, ಅದೇ ಗಾಬರಿ, ಅದೇ ತರದ ಸಲಹೆ. ಇಲಿ ಬಿಟ್ಟು ಫೋನ್ ಬಂತು ಅಂತ ಹೊರಗೆ ಹೋದೆ. ಹಸಿವಿಲ್ಲದ ಹಾವು ಮೂಲೆಯಲ್ಲಿ ಮುದುಡಿ ಕೂತಿತ್ತು, ಇಲಿಗೆ ಹಸಿವಿತ್ತು. ಮುಕ್ಕಾಲು ಗಂಟೆ ಬಿಟ್ಟು ಬಂದು ನೋಡಿದರೆ ಬೆನ್ನಿನ ಮೇಲೆ ಮೂರು ಕಡೆ ಕಡಿದು ಮಾಂಸ ಕಾಣ್ತಿತ್ತು. ಹೊಲಿಗೆ, ಚುಚ್ಚುಮದ್ದು, ದಿನಾ ಗಾಯ ತೊಳೆಯೋದು. ವಾಸಿಯಾಯ್ತು, ಆದರೆ ಆ ಜಾಗದ ಹುರುಪೆ ಇವತ್ತಿಗೂ ಸೊಟ್ಟ, ಪೊರೆ ಬಿಡುವಾಗ ಅಲ್ಲೇ ಸಿಕ್ಕಿಕೊಳ್ಳುತ್ತೆ. ಅದರ ಮೇಲೆ ಇಲಿ ಕಂಡರೆ ಹೆದರೋದು ಕಲಿತು ಮತ್ತೆ ನಾಲ್ಕು ತಿಂಗಳು ತಿನ್ನಲಿಲ್ಲ.

ಮೇಲಿನವರಿಗೆ ಒಂದು ತಕರಾರು

ಅಣ್ಣಾ, ನಿಮ್ಮ ಕಥೆ ಕೇಳಿ ಬೇಜಾರಾಯ್ತು, ಆದರೆ ತಪ್ಪು ಹೊರಗೆ ಹೋದದ್ದು. ಹಟ ಹಿಡಿದ ಒಂದು ಮರಿಗೆ ನಾನು ಒಮ್ಮೆ ಕಣ್ಣು ಬಿಡದ ಇಲಿಮರಿ ಕೊಟ್ಟೇ ಊಟ ಹಚ್ಚಿದ್ದು. ಅದಕ್ಕೆ ಹಲ್ಲೂ ಇಲ್ಲ, ಕಚ್ಚೋದೂ ಇಲ್ಲ. ಆಮೇಲೆ ನಿಧಾನಕ್ಕೆ ಫ್ರೋಜನ್‌ಗೆ ತಂದೆ.

ಜೀವಂತ ಇಲಿ ಬಿಟ್ಟವನೇ

ಮರಿ ಹಾವಿಗೆ ಸರಿ ತಮ್ಮಾ. ಎರಡು ವರ್ಷದ ಹಾವಿಗೆ ಆ ಮರಿ ಉಪ್ಪಿನಕಾಯಿಗೂ ಸಾಲದು.

ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವವರು

ತುರುಕೋ ಸಲಹೆ ಕೊಟ್ಟವರಿಗೆ ದಯವಿಟ್ಟು ಕಿವಿ ಕೊಡಬೇಡಿ. ಹಾವಿನ ಉಸಿರಿನ ಬಾಯಿ ನಾಲಿಗೆಯ ಹತ್ತಿರವೇ, ಕೆಳದವಡೆಯ ಮುಂಭಾಗದಲ್ಲಿ ಇರುತ್ತೆ. ಇಷ್ಟು ದೊಡ್ಡ ಬೇಟೆ ನುಂಗುವಾಗಲೂ ಅದನ್ನು ಹೊರಗೆ ಚಾಚಿ ಉಸಿರಾಡುತ್ತೆ. ಗೊತ್ತಿಲ್ಲದ ಕೈ ಬಾಯಿ ಬಿಡಿಸಿದರೆ ಹಲ್ಲು ಮುರಿಯುತ್ತೆ, ಗಂಟಲು ಹರಿಯುತ್ತೆ, ಆ ಗಾಯ ಕೀವಾಗುತ್ತೆ. ನಿಜವಾಗಿ ಬೇಕಾದಾಗ ಅದನ್ನು ವೈದ್ಯರು ಮಾಡ್ತಾರೆ, ಅದೂ ಸಾಮಾನ್ಯವಾಗಿ ದ್ರವ ಆಹಾರವನ್ನು ನಳಿಕೆಯಲ್ಲಿ.

ಯಾವಾಗ ಕರ್ಕೊಂಡು ಬರಬೇಕು ಅಂತ ಕೇಳಿದರೆ: ಬಾಯಿ ತೆರೆದು ಉಸಿರಾಡ್ತಿದೆ, ಸುಯ್ ಅನ್ನೋ ಸದ್ದು ಬರ್ತಿದೆ, ಬಾಯಂಚಿನಲ್ಲಿ ನೊರೆ ಇದೆ ಅಂದರೆ ಕಾಯಬೇಡಿ. ಒಸಡು ಕೆಂಪಾಗಿ ಮೊಸರಿನಂಥದ್ದು ಅಂಟಿದ್ದರೂ ಅಷ್ಟೇ, ಬಾಯಿ ನೋವಿದ್ದ ಹಾವು ಹಸಿದರೂ ತಿನ್ನಲ್ಲ. ನೀರಿನ ಬಟ್ಟಲಲ್ಲೇ ದಿನವಿಡೀ ಮುಳುಗಿರುತ್ತೆ ಅಂದರೆ ಕಣ್ಣಿನ ಸುತ್ತ, ಗದ್ದದ ಕೆಳಗೆ ಮೆಣಸಿನ ಪುಡಿ ಚೆಲ್ಲಿದಂಥ ಕಪ್ಪು ಚುಕ್ಕೆ ಹುಡುಕಿ, ಅದು ಉಣ್ಣಿಯ ಜಾತಿಯ ಸಣ್ಣ ಹುಳು. ಬೆನ್ನೆಲುಬು ಏಣಾಗಿ ಎದ್ದು ಕಂಡರೆ ತಡವಾಗಿದೆ ಅಂತಲೇ ಅರ್ಥ. ಬರುವಾಗ ತೂಕದ ಪಟ್ಟಿ, ಇತ್ತೀಚಿನ ಮಲ ಒಂದು ಡಬ್ಬಿಯಲ್ಲಿ ತನ್ನಿ. ಹಾವನ್ನು ಮರೆತರೂ ಅದನ್ನು ಮರೀಬೇಡಿ ಅಂತ ನಮ್ಮ ಡಾಕ್ಟರ್ ತಮಾಷೆ ಮಾಡ್ತಾರೆ.

ಇನ್ನೊಂದು. ಇಲಿ ಕರಗಿಸಿದ ಪಾತ್ರೆ, ಇಕ್ಕಳ ಅಡುಗೆಗೆ ಬೇಡ. ಕೈ ಸೋಪಿನಲ್ಲಿ ತೊಳೀರಿ, ಸಾಲ್ಮೊನೆಲ್ಲ (ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯ) ಹಾವಿನಿಂದಲೂ ಬರುತ್ತೆ, ಇಲಿಯಿಂದಲೂ ಬರುತ್ತೆ.

ಹಾಗ್‌ನೋಸ್ ಹಾವು ಸಾಕುವವಳು

ಒಂಬತ್ತು ವಾರಕ್ಕೆ ಇಷ್ಟು ಸಂಕಟ! ಹಾಗ್‌ನೋಸ್ ತನ್ನಿ, ಆಮೇಲೆ ಮಾತಾಡೋಣ. ಕಾಡಿನಲ್ಲಿ ಕಪ್ಪೆ ತಿನ್ನುವ ವಂಶ, ಇಲಿಮರಿ ಕಂಡರೆ ಸತ್ತ ಹಾಗೆ ಬೆನ್ನು ಕೆಳಗೆ ಮಾಡಿ ಬಿದ್ದುಕೊಳ್ಳುತ್ತೆ, ನಾಲಿಗೆ ಹೊರಗೆ ಹಾಕಿ. ಟಿನ್ನಿನ ಮೀನಿನ ನೀರಲ್ಲಿ ಇಲಿಮರಿ ಸವರಿ ಕೊಟ್ಟು ಮೂರು ವಾರ ಆದಮೇಲೆ ತಿಂತು. ಬಾಲ್ ಪೈಥಾನ್‌ಗೂ ಕೆಲವೊಮ್ಮೆ ವಾಸನೆಯ ಆಟ ನಡೆಯುತ್ತೆ, ಜೆರ್ಬಿಲ್ ಇಲಿಯ ಹಾಸಿಗೆಯ ಹೊಟ್ಟಿನಲ್ಲಿ ಉರುಳಿಸಿ ಕೊಡೋರಿದ್ದಾರೆ.

ವಿಜ್ಞಾನದ ಹುಚ್ಚಿನವನು

ತಿಂದ ಮೇಲೆ ಎರಡು ದಿನ ಮುಟ್ಟಬೇಡಿ ಅಂತ ಎಲ್ಲರೂ ಹೇಳ್ತೀವಿ, ಯಾಕೆ ಅಂತ ಹೇಳಲ್ಲ. ಬರ್ಮೀಸ್ ಹೆಬ್ಬಾವಿನ ಮೇಲಿನ ಅಧ್ಯಯನವೊಂದು 2005ರಲ್ಲಿ ಬಂತು. ದೊಡ್ಡ ಊಟವಾದ 48 ಗಂಟೆಯೊಳಗೆ ಅದರ ಹೃದಯದ ಕುಹರದ (ರಕ್ತವನ್ನು ಹೊರಗೆ ತಳ್ಳುವ ಕೋಣೆಯ) ತೂಕ 40 ಶೇಕಡ ಹೆಚ್ಚಾಗಿತ್ತು. ಕರುಳು, ಪಿತ್ತಜನಕಾಂಗ, ಮೂತ್ರಪಿಂಡ ಎಲ್ಲ ಉಬ್ಬಿ, ಜೀರ್ಣವಾದ ಮೇಲೆ ಮತ್ತೆ ಕುಗ್ಗುತ್ತವೆ. ಅಂದರೆ ನಮ್ಮ ಹಾಗೆ ಸದಾ ಉರಿಯುವ ಒಲೆಯಲ್ಲ ಅದು. ಊಟವಿಲ್ಲದಾಗ ಒಲೆಯನ್ನೇ ಮಡಚಿಡುತ್ತೆ, ಬೇಟೆ ಸಿಕ್ಕಾಗ ಹೊಸದಾಗಿ ಹೂಡುತ್ತೆ. ಉಪವಾಸ ಅಷ್ಟು ಸಲೀಸಾಗಿ ಸಾಗುವುದು ಇದರಿಂದಲೇ. ಆ ಹೂಡುವ ಹೊತ್ತಲ್ಲಿ ಎತ್ತಿ ಆಡಿಸಿದರೆ ಅಥವಾ ಟ್ಯಾಂಕ್ ತಣ್ಣಗಿದ್ದರೆ ಒಳಗಿನ ಇಲಿ ಜೀರ್ಣವಾಗದೆ ಕೊಳೆಯಲು ಶುರು, ಹಾವು ಕಕ್ಕಿಬಿಡುತ್ತೆ. ಕಕ್ಕಿದರೆ ಮರುದಿನವೇ ಇನ್ನೊಂದು ಕೊಡಬೇಡಿ. ಹತ್ತು ಹದಿನಾಲ್ಕು ದಿನ ಬಿಟ್ಟು, ಮಾಮೂಲಿಯ ಅರ್ಧ ಗಾತ್ರದ್ದು ಕೊಡಿ. ಎರಡನೇ ಸಲವೂ ಕಕ್ಕಿದರೆ ವೈದ್ಯರ ಹತ್ತಿರವೇ.

ಸುತ್ತಿ ಉಸಿರು ಕಟ್ಟಿಸಿ ಕೊಲ್ಲುತ್ತೆ ಅಂತ ನಾವೆಲ್ಲ ನಂಬಿದ್ದೆವಲ್ಲ, ಅದೂ ಪೂರ್ತಿ ಸರಿಯಲ್ಲ. 2015ರ ಪ್ರಯೋಗದಲ್ಲಿ ಬೋವಾ ಹಾವು ಸುತ್ತಿದ ಇಲಿಯ ರಕ್ತದೊತ್ತಡ ಕೆಲವೇ ಸೆಕೆಂಡಿನಲ್ಲಿ ಕುಸಿದಿತ್ತು, ಅಂದರೆ ಹಿಡಿತ ಮೊದಲು ನಿಲ್ಲಿಸೋದು ರಕ್ತದ ಹರಿವನ್ನು. ಬಿಗಿಯನ್ನು ಎಷ್ಟು ಹೊತ್ತು ಇಡಬೇಕು ಅನ್ನೋದನ್ನ ಬೇಟೆಯ ಎದೆಬಡಿತ ಗ್ರಹಿಸಿಯೇ ಬೋವಾ ನಿರ್ಧರಿಸುತ್ತೆ ಅಂತ ಅದಕ್ಕೂ ಮುಂಚೆ ಅದೇ ತಂಡ ತೋರಿಸಿತ್ತು. ಫ್ರೋಜನ್ ಇಲಿಯನ್ನು ಇಕ್ಕಳದಲ್ಲಿ ಸ್ವಲ್ಪ ಅಲುಗಾಡಿಸುತ್ತಾ ಇರಿ ಅಂತ ಹಳಬರು ಹೇಳೋದು ನೆನಪಾಯ್ತು ಇದನ್ನ ಓದಿ.

ಪ್ರಶ್ನೆ ಕೇಳಿದವರೇ, ಮೂರು ವಾರದ ನಂತರ

ಎಲ್ಲರಿಗೂ ಉತ್ತರಿಸದೆ ಸುಮ್ಮನಿದ್ದೆ, ಕ್ಷಮಿಸಿ. ಟ್ಯಾಂಕ್ ಅಕ್ಕ ಹೇಳಿದ ಹಾಗೆ ಅಳೆದೆ. ಮುಳ್ಳಿನ ಮೀಟರಿನಲ್ಲಿ 31, ನಿಜವಾದ ಲೆಕ್ಕ 26.5. ಹೊಸ ಟ್ಯಾಂಕ್ ದೊಡ್ಡದಾಗಿ, ಹಳೇ ಮ್ಯಾಟ್ ಸಾಲದೇ ಹೋಗಿತ್ತು. ದೊಡ್ಡ ಮ್ಯಾಟ್, ಥರ್ಮೋಸ್ಟಾಟ್, ಎರಡು ಅಡಗುತಾಣ, ಮೂರು ಬದಿಗೆ ರಟ್ಟು. ಈಗ ಬಿಸಿ ಬದಿ 32ರಲ್ಲಿ ನಿಂತಿದೆ. ಹಾವು ರಾತ್ರಿ ಹೊರಗೆ ಬಂದು ಟ್ಯಾಂಕೆಲ್ಲ ಸುತ್ತುತ್ತೆ, ಮೊದಲು ಹೀಗೆ ಮಾಡ್ತಿರಲಿಲ್ಲ. ತೂಕ ಮೊದಲ ದಿನ 812, ನಿನ್ನೆ 806.

ನಿನ್ನೆ ರಾತ್ರಿ ದೀಪ ಆರಿಸಿ, ತಲೆ ಬಿಸಿ ಮಾಡಿ ಕೊಟ್ಟೆ. ಕುತ್ತಿಗೆಯನ್ನು ಎಸ್ ಆಕಾರಕ್ಕೆ ಮಡಚಿ ಗುರಿ ಹಿಡಿದು ಎರಡು ನಿಮಿಷ ನೋಡ್ತು. ಎರಗಲಿಲ್ಲ. ಇಟ್ಟು ಹೊರಗೆ ಬಂದೆ, ಬೆಳಗ್ಗೆ ಇಲಿ ಅಲ್ಲೇ ಇತ್ತು, ಆದರೆ ಜಾಗ ಬದಲಾಗಿತ್ತು! ಇನ್ನು ಎರಡು ವಾರ ಸುಮ್ಮನಿರ್ತೀನಿ. ಒಂದು ಸಂಶಯ: ತಿನ್ನದೆ ಉಳಿದ ಈ ಇಲಿಯನ್ನು ಮತ್ತೆ ಫ್ರೀಜರಿಗೆ ಹಾಕಬಹುದಾ?

ಹನ್ನೊಂದು ವರ್ಷದಿಂದ ಸಾಕುತ್ತಿರುವವರು

ಬೇಡ. ರಾತ್ರಿಯಿಡೀ ಬಿಸಿಯಲ್ಲಿ ಇದ್ದದ್ದು, ಬ್ಯಾಕ್ಟೀರಿಯ ಬೆಳೆದಿರುತ್ತೆ. ಕವರಿನಲ್ಲಿ ಕಟ್ಟಿ ಎಸೆದುಬಿಡಿ. ಮುಂದಿನ ಸಲ ಒಂದು ಸೈಜ್ ಚಿಕ್ಕದು ಕರಗಿಸಿ.