ಬೌನ್ಸ್ ರೇಟ್ 70% ಇದೆ, ಟ್ರಾಫಿಕ್ ಇಳಿದಿಲ್ಲ. ಹೇಗೆ ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ: ವೆಬ್‌ಸೈಟ್ ಭೇಟಿಗಳನ್ನು ಅಳೆಯುವ ಗೂಗಲ್ ಅನಲಿಟಿಕ್ಸ್ 4ರಲ್ಲಿ ಒಂದು ಲೇಖನದ ಪುಟಕ್ಕೆ ಬೌನ್ಸ್ ರೇಟ್ (ಬಂದವರು ಬೇಗ ಹೊರಟುಹೋದ ಭೇಟಿಗಳ ಶೇಕಡಾ ಪ್ರಮಾಣ) 70% ತೋರಿಸುತ್ತಿದೆ. ಸರ್ಚ್‌ನಿಂದ ಬರುವವರು ಕಡಿಮೆಯಾಗಿಲ್ಲ. ಚಿಂತೆ ಮಾಡಬೇಕೇ?

ಉತ್ತರ 1: ಮೊದಲು ಲೆಕ್ಕ ತಿಳಿದುಕೊಳ್ಳಿ. ಇದಕ್ಕೂ ಹಿಂದಿನ ಆವೃತ್ತಿಯಾದ ಯೂನಿವರ್ಸಲ್ ಅನಲಿಟಿಕ್ಸ್‌ನಲ್ಲಿ ಒಂದೇ ಪುಟ ನೋಡಿ ಹೋದರೆ ಬೌನ್ಸ್. ಹತ್ತು ನಿಮಿಷ ಕೂತು ಓದಿದ್ದರೂ ಅಷ್ಟೇ. ಈಗ ಹಾಗಲ್ಲ. ಸೆಷನ್ (ಒಂದು ಭೇಟಿ) 10 ಸೆಕೆಂಡ್ ಮೀರಿದರೆ, ಎರಡು ಪುಟ ತೆರೆದರೆ, ಇಲ್ಲವೇ ಒಂದು ಕೀ ಈವೆಂಟ್ (ನೀವು ಮುಖ್ಯವೆಂದು ಗುರುತಿಸಿದ ಕ್ರಿಯೆ) ನಡೆದರೆ ಅದು ಬೌನ್ಸ್ ಅಲ್ಲ. ಅಂದರೆ ನಿಮ್ಮ 100 ಸೆಷನ್‌ಗಳಲ್ಲಿ 70 ಹತ್ತು ಸೆಕೆಂಡ್ ಕೂಡ ನಿಂತಿಲ್ಲ. ಓದುವ ಪುಟಕ್ಕೆ ಇದು ಖಂಡಿತ ಯೋಚಿಸಬೇಕಾದ ಅಂಕಿ.

ಉತ್ತರ 2: ಸರಾಸರಿ ಬಿಡಿ, ಒಡೆದು ನೋಡಿ. ಲ್ಯಾಂಡಿಂಗ್ ಪೇಜ್ (ಜನ ಮೊದಲು ಬಂದಿಳಿಯುವ ಪುಟ) ವರದಿಗೆ ಬೌನ್ಸ್ ರೇಟ್ ಸೇರಿಸಿ, ಡಿವೈಸ್ ಪ್ರಕಾರ ವಿಂಗಡಿಸಿ. ಮೊಬೈಲ್‌ನಲ್ಲಿ 85, ಡೆಸ್ಕ್‌ಟಾಪ್‌ನಲ್ಲಿ 40 ಬಂತೆನ್ನಿ: ಬರಹಕ್ಕಿಂತ ಮೊದಲು ಪುಟದ ವೇಗವನ್ನೂ ಪರದೆಯನ್ನು ಮುಚ್ಚುವ ಪಾಪ್‌ಅಪ್‌ಗಳನ್ನೂ ಪರೀಕ್ಷಿಸಿ. ಎರಡರಲ್ಲೂ ಒಂದೇ ಇದ್ದರೆ, ಶೀರ್ಷಿಕೆ ಹೇಳಿದ್ದು ಮೊದಲ ಪ್ಯಾರಾದಲ್ಲಿ ಸಿಗುತ್ತಿಲ್ಲ ಎಂಬ ಅನುಮಾನ ನನ್ನದು.

ಉತ್ತರ 3: ಒಂದು ಮಾತು ಸೇರಿಸುತ್ತೇನೆ. ಬೌನ್ಸ್ ರೇಟ್ ಇದ್ದಕ್ಕಿದ್ದಂತೆ 3%ಗೆ ಇಳಿದರೆ ಖುಷಿಪಡಬೇಡಿ. ಹೆಚ್ಚಾಗಿ ಟ್ಯಾಗ್ (ಭೇಟಿ ಎಣಿಸುವ ಕೋಡ್) ಎರಡು ಸಲ ಕೂತಿರುತ್ತದೆ, ಸೈಟ್‌ನ ಥೀಮ್‌ನಲ್ಲಿ ಒಮ್ಮೆ, ಟ್ಯಾಗ್‌ಗಳನ್ನು ನಿರ್ವಹಿಸುವ ಟ್ಯಾಗ್ ಮ್ಯಾನೇಜರ್‌ನಲ್ಲಿ ಇನ್ನೊಮ್ಮೆ. ಒಂದೇ ಭೇಟಿ ಎರಡು ಪುಟವೆಂದು ದಾಖಲಾಗುತ್ತದೆ. ಟ್ಯಾಗ್ ಪರೀಕ್ಷಿಸುವ ಗೂಗಲ್‌ನ ಟ್ಯಾಗ್ ಅಸಿಸ್ಟೆಂಟ್‌ನಲ್ಲಿ ಪುಟ ತೆರೆದರೆ ಸಿಕ್ಕಿಬೀಳುತ್ತದೆ.