ಪಿಕಪ್ ಬೆಡ್‌ಗೆ ಕವರ್ ಹಾಕಿಸಿದರೆ ಮೈಲೇಜ್ ಏರುತ್ತಾ?

ಹೆದ್ದಾರಿಹುಳ: ಇಸುಝು ವಿ-ಕ್ರಾಸ್. ಬೆಂಗಳೂರು–ಹುಬ್ಬಳ್ಳಿ ಓಡಾಟವೇ ಹೆಚ್ಚು, ಬೆಡ್ (ಹಿಂದಿನ ಸಾಮಾನಿನ ತೊಟ್ಟಿ) ಖಾಲಿ, ವೇಗ 100, ಮೈಲೇಜ್ 12. ಸುರುಳಿ ಸುತ್ತಿ ಡಬ್ಬಿಯೊಳಗೆ ಸೇರೋ ರೋಲರ್ ಕವರ್‌ಗೆ 40,000 ಕೇಳ್ತಿದ್ದಾರೆ, ಡೀಸೆಲಲ್ಲೇ ದುಡ್ಡು ಹುಟ್ಟುತ್ತಂತೆ. ಹೌದಾ? ಇಲ್ಲಾ ಬೆಡ್ಡಿನ ಹಿಂಬಾಗಿಲು, ಅಂದ್ರೆ ಟೈಲ್‌ಗೇಟ್ ಇಳಿಸಿಕೊಂಡು ಓಡಿಸಿದರೆ ಸಾಕಾ?

ಸುಳಿಗಾಳಿ: ಟೈಲ್‌ಗೇಟ್ ಇಳಿಸಬೇಡಿ ಸರ್, ಸಾಮಾನ್ಯವಾಗಿ ಉಲ್ಟಾ ಹೊಡೆಯುತ್ತೆ. ಗೇಟ್ ಮುಚ್ಚಿದ್ದಾಗ ಬೆಡ್ ಒಳಗೆ ಗಾಳಿ ಸುಳಿಯಾಗಿ ತಿರುಗ್ತಿರುತ್ತೆ, ಕ್ಯಾಬಿನ್ ದಾಟಿ ಬಂದ ಗಾಳಿ ಅದರ ಬೆನ್ನ ಮೇಲೆ ಜಾರಿ ಹೋಗುತ್ತೆ. ಗೇಟ್ ಇಳಿಸಿದರೆ ಆ ಸುಳಿ ಕೆಡುತ್ತೆ. ಕವರ್ ಮಾಡೋದು ಸುಳಿಯ ಕೆಲಸವನ್ನೇ, ಸ್ವಲ್ಪ ಚೊಕ್ಕಟವಾಗಿ. ಅದಕ್ಕೇ ಲಾಭ ಸಣ್ಣದು.

ಲೆಕ್ಕಭಟ್ಟ: ಅಂದಾಜು ಲೆಕ್ಕ ನೋಡಿ. ಸುಮಾರು 2,100 ಕೆ.ಜಿ. ಗಾಡಿಗೆ 100ರ ವೇಗದಲ್ಲಿ ಗಾಳಿಯ ತಡೆ 550 ನ್ಯೂಟನ್, ಟೈರ್‌ಗಳದ್ದು 250. 60ರಲ್ಲಿ ಗಾಳಿಯದ್ದು 200ಕ್ಕೆ ಇಳಿಯುತ್ತೆ, ಹಾಗಾಗಿ ಸಿಟಿಯಲ್ಲಿ ಕವರ್ ಲೆಕ್ಕಕ್ಕೇ ಇಲ್ಲ. ಕವರ್ ಗಾಳಿಯ ತಡೆಯನ್ನು ಶೇ. 5 ತಗ್ಗಿಸಿತು ಅಂತಲೇ ಇಟ್ಕೊಳ್ಳಿ, 12 ಇದ್ದದ್ದು 12.3 ಆದೀತು. 1,000 ಕಿ.ಮೀ.ಗೆ 2 ಲೀಟರ್. ಲೀಟರಿಗೆ 90 ರೂಪಾಯಿಯಂತೆ 40,000 ವಾಪಸ್ ಬರೋಕೆ 2 ಲಕ್ಷ ಕಿ.ಮೀ. ದಾಟಬೇಕು. 100ರಿಂದ 90ಕ್ಕೆ ಇಳಿದರೆ ಅದರ ಮೂರ್ನಾಲ್ಕು ಪಟ್ಟು ಉಳಿಯುತ್ತೆ, ಪುಕ್ಕಟೆ.

ಬೀಡಿಂಗ್: ಸಾಮಾನು ನೆನೆಯಬಾರದು, ಕಳುವಾಗಬಾರದು ಅಂತಿದ್ದರೆ ಹಾಕಿಸಿ. ಕ್ಯಾಬಿನ್ ಕಡೆಯ ರಬ್ಬರ್ ಬೀಡಿಂಗ್ ಬೆರಳಿಂದ ಒತ್ತಿ ನೋಡಿ, ಎಲ್ಲೂ ಸಂದು ಇರಬಾರದು. ಬಟ್ಟೆ ಕವರ್ ಸಡಿಲವಿದ್ದರೆ ವೇಗದಲ್ಲಿ ಹಪ್ಪಳದ ಹಾಗೆ ಉಬ್ಬಿ ಪಟಪಟ ಬಡಿಯುತ್ತೆ, ಆಗ ಸಿಗೋ ಲಾಭವೂ ಹೋಯ್ತು. ರೋಲರ್ ಡಬ್ಬಿಯ ಮೂಲೆಯಲ್ಲಿ ನೀರಿಳಿಯೋ ಪೈಪ್ ಇರುತ್ತೆ. ಬೇಸಿಗೆಯ ಧೂಳು ಅಲ್ಲೇ ಕಟ್ಟಿಕೊಂಡು ಮೊದಲ ಮಳೆಗೆ ನೀರೆಲ್ಲ ಬೆಡ್‌ಗೆ ಇಳಿಯುತ್ತೆ, ಜೂನ್‌ಗೆ ಮೊದಲೇ ಒಂದು ಮಗ್ ನೀರು ಸುರಿದು ನೋಡಿ. ಕ್ಯಾಬಿನ್‌ಗಿಂತ ಎತ್ತರದ ಕ್ಯಾನೊಪಿ (ಬೆಡ್ ಮೇಲೆ ಕೂರಿಸೋ ಗೂಡು) ಮಾತ್ರ ಬೇಡ, ತೂಕದ ಜೊತೆ ಗಾಳಿಗೆ ಎದೆಯೊಡ್ಡೋ ಜಾಗವೂ ಹೆಚ್ಚುತ್ತೆ.

ಹೆದ್ದಾರಿಹುಳ: ಹಾಕಿಸಿದ ಮೇಲೆ ಅಳೆಯೋದು ಹೇಗೆ?

ಲೆಕ್ಕಭಟ್ಟ: ಅದೇ ಬಂಕ್, ಅದೇ ಪಂಪ್, ನಾಝಲ್ ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸಿ. ಟೈರ್ ಗಾಳಿ ಬೆಳಿಗ್ಗೆ ತಣ್ಣಗಿದ್ದಾಗ ನೋಡಿ. ಹೋಗಿ-ಬರೋದು ಸೇರಿ ಒಂದು ಓಟ. ಕವರ್ ಹಾಕಿ, ತೆಗೆದು, ಮತ್ತೆ ಹಾಕಿ, ಮೂರು ಓಟ. ಮೊದಲನೆಯದೂ ಮೂರನೆಯದೂ ತಾಳೆಯಾಗದಿದ್ದರೆ ನೀವು ಅಳೆದದ್ದು ಎದುರುಗಾಳಿಯನ್ನ, ಕವರನ್ನಲ್ಲ.